ರಿಯರ್ ಜೊತೆ ನಾಲ್ಕು ಮಳೆಗಾಲ: ಬ್ಯಾಕಪ್ ಸರಿ ಇತ್ತು, ದಾರಿ ಕೆಟ್ಟಿತ್ತು

ಕುಮಟಾದ ಒಂದು ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಅಂದ ಕೂಡಲೇ ದೊಡ್ಡ ಕೋಣೆ, ಏಸಿ ಎಲ್ಲ ನೆನಪಿಸಿಕೊಳ್ಳಬೇಡಿ. ಮೆಟ್ಟಿಲ ಕೆಳಗೆ ಒಂದು ಲಿನಕ್ಸ್ ಯಂತ್ರ, ಪಕ್ಕದ ಕೋಣೆಯಲ್ಲಿ ಬ್ಯಾಕಪ್‌ಗೆ ಒಂದು ನ್ಯಾಸ್ ಪೆಟ್ಟಿಗೆ, ಅಂದರೆ ನೆಟ್‌ವರ್ಕ್‌ಗೆ ಸಿಕ್ಕಿಸಿದ ಡಿಸ್ಕ್ ಪೆಟ್ಟಿಗೆ. ಅಷ್ಟೇ.

ನಾಲ್ಕು ವರ್ಷದಿಂದ ಇದಕ್ಕೆ ರಿಲ್ಯಾಕ್ಸ್ ಅಂಡ್ ರಿಕವರ್ ಅನ್ನುವ ಬ್ಯಾಕಪ್ ತಂತ್ರಾಂಶ ಬಳಸುತ್ತಿದ್ದೇನೆ. ಎಲ್ಲರೂ ರಿಯರ್ ಅಂತಲೇ ಕರೆಯುತ್ತಾರೆ. ಪುಕ್ಕಟೆ, ಓಪನ್ ಸೋರ್ಸ್, ಪೂರ್ತಿ ಬ್ಯಾಶ್ ಸ್ಕ್ರಿಪ್ಟ್. ಒಂದೇ ಆಜ್ಞೆಗೆ ಎರಡು ಕೆಲಸ ಮಾಡುತ್ತದೆ. ಇಡೀ ಸಿಸ್ಟಮ್ ಅನ್ನು ಒಂದೇ ಕಟ್ಟಾಗಿ ಟಾರ್ ಫೈಲ್ ಮಾಡಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆ) ಮೂಲಕ ನ್ಯಾಸ್‌ಗೆ ಹಾಕುತ್ತದೆ. ಜೊತೆಗೆ ಬೂಟ್ ಆಗುವ ಒಂದು ಪುಟ್ಟ ರೆಸ್ಕ್ಯೂ ಸಿಸ್ಟಮ್ ಕಟ್ಟಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ನಿಂದಲೂ ಎಬ್ಬಿಸಬಹುದು, ನೆಟ್‌ವರ್ಕ್‌ನಿಂದಲೂ ಎಬ್ಬಿಸಬಹುದು. ಡಿಸ್ಕ್‌ನಲ್ಲಿ ಯಾವ ಪಾರ್ಟಿಶನ್ ಎಲ್ಲಿತ್ತು, ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ಪದರ) ಹೇಗಿತ್ತು ಅನ್ನುವುದೆಲ್ಲ ಅದಕ್ಕೆ ನೆನಪಿರುತ್ತದೆ. ಖಾಲಿ ಡಿಸ್ಕ್ ಕೊಟ್ಟರೆ ಹಾಗೇ ಕಟ್ಟಿ, ಮೇಲೆ ಡೇಟಾ ಸುರಿಯುತ್ತದೆ.

ಕಾಗದದ ಮೇಲೆ ಇಷ್ಟು. ನಿಜವಾದ ಪರೀಕ್ಷೆ ಬಂದದ್ದು ಹೋದ ವರ್ಷ ಮೇ ಕೊನೆಯ ಸಿಡಿಲಿಗೆ. ಮದರ್‌ಬೋರ್ಡ್ ಮತ್ತು ಎರಡೂ ಡಿಸ್ಕ್ ಒಟ್ಟಿಗೇ ಹೋದವು. ಪುಣ್ಯಕ್ಕೆ ನ್ಯಾಸ್ ಉಳಿಯಿತು. ಮರುದಿನ ಬೇರೆ ಯಂತ್ರ ತಂದು ಪಿಎಕ್ಸ್‌ಇ ಬೂಟ್‌ಗೆ, ಅಂದರೆ ನೆಟ್‌ವರ್ಕ್‌ನಿಂದ ಎಬ್ಬಿಸಲು ಹಾಕಿದೆ. ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಎಷ್ಟೊತ್ತು ಬೇಕು ಮಾರಾಯಾ?" ಎಂದರು. "ಒಂದು ತಾಸು ಸರ್" ಎಂದೆ. ಸುಮ್ನೆ ಇರಬೇಕಿತ್ತು.

ಮೊದಲು ಬೂಟ್ ಆಗಲೇ ಇಲ್ಲ. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಐಪಿ ಸಿಕ್ಕಿತು, ಆಮೇಲೆ ಬೂಟ್ ಫೈಲ್ ಕಳಿಸುವ ಟಿಎಫ್‌ಟಿಪಿ ಟೈಮ್‌ಔಟ್. ಐಪಿ ಸಿಕ್ಕಿದೆ ಅಂದರೆ ಕೇಬಲ್ ಜೀವಂತ ಇದೆ, ಫೈಲ್ ಕೊಡುವವನೇ, ಅಂದರೆ ನ್ಯಾಸೇ, ಬಾಯಿ ಬಿಡುತ್ತಿಲ್ಲ. ನೋಡಿದರೆ ಆರು ತಿಂಗಳ ಹಿಂದೆ ನ್ಯಾಸ್‌ನಲ್ಲಿ ಫೈರ್‌ವಾಲ್ ಹಾಕಿದ್ದು ನಾನೇ. ಟಿಎಫ್‌ಟಿಪಿಗೆ ಬೇಕಾದ ಯುಡಿಪಿ 69ನೇ ಪೋರ್ಟ್ ಮುಚ್ಚಿತ್ತು. ರಾತ್ರಿಯ ಬ್ಯಾಕಪ್‌ಗೆ ಆ ಪೋರ್ಟ್ ಬೇಕಿಲ್ಲ, ಹಾಗಾಗಿ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಅದನ್ನು ತೆರೆದ ಮೇಲೆ ರೆಸ್ಕ್ಯೂ ಎದ್ದಿತು. ಹಳೆಯ ನೆಟ್‌ವರ್ಕ್ ಕಾರ್ಡ್ ಕಾಣುತ್ತಿಲ್ಲ, ಬದಲಿಗೆ ಯಾವುದು ಅಂತ ಕೇಳಿತು. ಹೊಸ ಯಂತ್ರದಲ್ಲಿ ಎರಡು ಕಾರ್ಡ್. ನಾನು ಆರಿಸಿದ್ದು ಕೇಬಲ್ ಇಲ್ಲದ್ದನ್ನು! ತಪ್ಪು ತಿಳಿದ ಮೇಲೂ ಹಿಂದೆ ಹೋಗಿ ಸರಿಪಡಿಸದೆ, ಅವಸರಕ್ಕೆ ಇನ್ನೊಂದು ಕಾರ್ಡ್‌ಗೆ ಡಿಎಚ್‌ಸಿಪಿಯಿಂದ ಐಪಿ ತೆಗೆದುಕೊಂಡೆ. ಈಗ ಪಿಂಗ್ ಆಗುತ್ತದೆ, ಅಂದರೆ ಕರೆದರೆ ನ್ಯಾಸ್ ಓಗೊಡುತ್ತದೆ, ಎನ್‌ಎಫ್‌ಎಸ್ ಮಾತ್ರ ಮೌಂಟ್ ಆಗುವುದಿಲ್ಲ, ಅಲ್ಲಿನ ಫೋಲ್ಡರ್ ಇಲ್ಲಿ ತೆರೆಯುವುದಿಲ್ಲ. ನ್ಯಾಸ್ ಹಳೆಯ ಸರ್ವರ್‌ನ ಐಪಿಗೆ ಮಾತ್ರ ಬಾಗಿಲು ತೆರೆಯುವಂತೆ ಹಾಕಿಟ್ಟಿದ್ದೆ, ಅಲ್ವಾ? ಹಳೆಯ ಐಪಿಯನ್ನೇ ಕೈಯಾರೆ ಕೊಟ್ಟೆ, ಮೌಂಟ್ ಆಯಿತು.

ಇಲ್ಲಿ ರಿಯರ್ ಮೇಲೊಂದು ದೂರಿದೆ. ಮೌಂಟ್ ಆಗದಾಗ ಪರದೆಯ ಮೇಲೆ ಬರುವುದು ಒಣ ಮಾತು: ಆಗಲಿಲ್ಲ, ಲಾಗ್ ನೋಡಿ. ಲಾಗ್ ತೆರೆದರೆ ಹನುಮಂತನ ಬಾಲ. ನನಗೆ ಉತ್ತರ ಸಿಕ್ಕಿದ್ದು ನ್ಯಾಸ್ ಕಡೆಯ ಲಾಗ್‌ನಲ್ಲಿ.

ಕೊನೆಗೂ ಡೇಟಾ ಹರಿಯಿತು, ಆದರೆ ಬಸವನಹುಳದ ಹಾಗೆ. ಸೆಕೆಂಡಿಗೆ 11 ಎಂಬಿ. ನಮ್ಮ ಟಾರ್ ಫೈಲ್ 180 ಜಿಬಿ, ಅಂದರೆ ನಾಲ್ಕೂವರೆ ತಾಸು. ಲಿಂಕ್‌ನ ವೇಗ ತೋರಿಸುವ ಈಥ್‌ಟೂಲ್ ಹಾಕಿ ನೋಡಿದೆ. ಗಿಗಾಬಿಟ್ ಇರಬೇಕಾದ ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ. ಗೋಡೆ ಸಾಕೆಟ್ ಬಿಚ್ಚಿದರೆ ತಂತಿಗೆ ಹಸಿರು ಕಿಲುಬು. ನಮ್ಮದು ಕಡಲ ಗಾಳಿ, ಬೀಗ ಬಾಗಿಲನ್ನೇ ತಿನ್ನುತ್ತದೆ, ತಾಮ್ರ ಬಿಡುತ್ತದೆಯೇ? ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, ನೂರಕ್ಕೆ ನಾಲ್ಕು ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ತಂತಿ ಕೆಟ್ಟರೂ ಲಿಂಕ್ ಸಾಯುವುದಿಲ್ಲ, ಸದ್ದಿಲ್ಲದೆ ಕುಂಟುತ್ತದೆ. ಬ್ಯಾಕಪ್ ರಾತ್ರಿ ಹೋಗುವುದರಿಂದ ತಡವಾದದ್ದು ಯಾರಿಗೂ ಕಂಡಿರಲಿಲ್ಲ. ರಿಸ್ಟೋರ್ ನಿಲ್ಲಿಸಿದೆ, ಹೊಸ ಕೇಬಲ್ ನೆಲದ ಮೇಲೇ ಎಳೆದೆ, ಮತ್ತೆ ಮೊದಲಿಂದ ಶುರು. ಮುಕ್ಕಾಲು ತಾಸಿನ ಮೇಲೆ ಸ್ವಲ್ಪ ಹಿಡಿಯಿತು. ರೀಬೂಟ್ ಆದಾಗ ಲಾಗಿನ್ ಪರದೆ ಮೊದಲಿನ ಹಾಗೇ ಬಂತು, ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಎಲ್ಲ ಸಮೇತ. ಮ್ಯಾನೇಜರ್ ಅಷ್ಟರಲ್ಲಿ ಮನೆಗೆ ಹೋಗಿದ್ದರು.

ಕೊಳ್ಳುವವರಿಗೆ ಎನ್ನುವ ಹಾಗಿಲ್ಲ, ಪುಕ್ಕಟೆ ಅಲ್ವಾ? ಹಾಕಿಕೊಳ್ಳುವವರಿಗೆ ಎರಡು ಮಾತು. ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಟಾರ್ ಮಾಡಿ ಅದನ್ನೇ ನಂಬಬೇಡಿ, ಮೊದಲು ಬೇರೆ ಡಂಪ್ (ಡೇಟಾಬೇಸ್ ತಾನೇ ಬರೆದುಕೊಡುವ ಪ್ರತಿ) ತೆಗೆದಿಡಿ. ನಾವು ಉಳಿದದ್ದು ಅದರಿಂದಲೇ. ಇನ್ನು ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಲೇಔಟ್ ಫೈಲ್ ಕೈಯಲ್ಲಿ ತಿದ್ದಬೇಕಾಗುತ್ತದೆ, ಆ ತಲೆನೋವು ಬೇಡ, ದೊಡ್ಡದನ್ನೇ ತನ್ನಿ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಆದದ್ದು ಆ ಲಾಗ್‌ಗೆ.

ಈ ವರ್ಷ ಮಳೆಗೆ ಮುಂಚೆಯೇ ಒಂದು ಹಳೆಯ ಪಿಸಿ ಮೇಲೆ ಪೂರ್ತಿ ರಿಕವರಿ ಮಾಡಿ ನೋಡಿದೆ. ಐಪಿ, ಎನ್‌ಎಫ್‌ಎಸ್ ದಾರಿ, ಯಾವ ಕಾರ್ಡ್‌ಗೆ ಕೇಬಲ್ ಅನ್ನುವುದನ್ನು ಚೀಟಿ ಬರೆದು ನ್ಯಾಸ್ ಮೇಲೆ ಅಂಟಿಸಿದ್ದೇನೆ. ಬ್ಯಾಕಪ್‌ನ ಇನ್ನೊಂದು ಪ್ರತಿ ಈಗ ಘಟ್ಟದ ಮೇಲೆ, ಶಿರಸಿ ಶಾಖೆಯಲ್ಲಿ ಇರುತ್ತದೆ. ನಮ್ಮ ನಡುವಿನ 20 ಮೆಗಾಬಿಟ್ ಲೈನ್‌ನಲ್ಲಿ 180 ಜಿಬಿ ಇಳಿಯಲು 20 ತಾಸು ಬೇಕು. ಹಾಗಾಗಿ ಡಿಸ್ಕ್ ದೇವಿಮನೆ ಘಟ್ಟ ಇಳಿದು ಬಸ್ಸಿನಲ್ಲೇ ಬರಬೇಕು ಅಂತ ಚೀಟಿಯ ಕೊನೆಯ ಸಾಲಿನಲ್ಲಿ ಬರೆದಿದ್ದೇನೆ.