"ಬೈಪಾಸ್ ಬೇಡ, ಬ್ಲಾಕ್ ಕರಗಿಸುತ್ತೇವೆ" ಎನ್ನುವವರಿಗೆ ದುಡ್ಡು ಕಟ್ಟಬೇಡಿ

ಮಂಗಳೂರು, ಉಡುಪಿ ಕಡೆಯವರು, ಮನೆಯಲ್ಲಿ ಹಾರ್ಟ್ ಪೇಷಂಟ್ ಇರುವವರು ದಯವಿಟ್ಟು ಪೂರ್ತಿ ಓದಿ. ಆಪರೇಷನ್ ಇಲ್ಲದೆ ಹೃದಯದ ರಕ್ತನಾಳದ ಬ್ಲಾಕ್ ತೆಗೆಯುತ್ತೇವೆ ಎಂದು ನಂಬಿಸಿ ಮಂಗಳೂರಿನ ಒಂದು ಸೆಂಟರ್‌ನವರು ನಮ್ಮಿಂದ ಲಕ್ಷದ ಮೇಲೆ ಕಿತ್ತುಕೊಂಡಿದ್ದಾರೆ. ದುಡ್ಡು ಹಾಳಾಗಿ ಹೋಗಲಿ. ಅಪ್ಪನ ಜೀವದ ಜೊತೆ ಆಟ ಆಡಿದರಲ್ಲ, ಅದಕ್ಕೆ ಮೈ ಉರಿಯುತ್ತದೆ.

ಅಪ್ಪನಿಗೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಹಂಪನಕಟ್ಟೆಗೆ ಏರು ಹತ್ತುವಾಗ ಎದೆ ಹಿಂಡಿದ ಹಾಗೆ ಆಗುತ್ತಿತ್ತು. ದವಡೆವರೆಗೂ ನೋವು. ಸ್ವಲ್ಪ ನಿಂತರೆ ಹೋಗುತ್ತಿತ್ತು. ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಿದ್ದರು. ಇಸಿಜಿಯೂ ನಾರ್ಮಲ್ ಬಂತು. ಹೃದಯದ ಡಾಕ್ಟರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. "ನಡೆದರೆ ಬಂದು, ನಿಂತರೆ ಹೋಗುವ ನೋವು ಆಂಜೈನಾ, ಹೃದಯಕ್ಕೆ ರಕ್ತ ಸಾಲದೆ ಬರುವುದು. ಸುಮ್ನೆ ಮಲಗಿರುವಾಗ ಇಸಿಜಿ ಸರಿ ಇರಬಹುದು" ಎಂದು ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿದರು, ಆಮೇಲೆ ರಕ್ತನಾಳದ ಒಳಗಿನ ಚಿತ್ರ ತೆಗೆಯುವ ಆಂಜಿಯೋಗ್ರಾಮ್. ಎಡಗಡೆಯ ಮುಖ್ಯ ರಕ್ತನಾಳದಲ್ಲೇ ಬ್ಲಾಕ್. ಬೈಪಾಸ್ ಆಗಬೇಕು ಎಂದರು.

ಎದೆ ಕೊಯ್ಯುತ್ತಾರೆ ಅಂದರೆ ಯಾರಿಗೆ ಹೆದರಿಕೆ ಆಗುವುದಿಲ್ಲ? ಆ ಹೆದರಿಕೆಯೇ ಇವರ ಬಂಡವಾಳ. ಸಂಬಂಧಿಕರೊಬ್ಬರು ಜಾಹೀರಾತು ಕಳಿಸಿದರು, "ನ್ಯಾಚುರಲ್ ಬೈಪಾಸ್" ಅಂತ. ಹೋದೆವು. ಮಂಚದ ಮೇಲೆ ಮಲಗಿಸಿ ಮೀನಖಂಡಕ್ಕೆ, ತೊಡೆಗೆ, ಸೊಂಟದ ಕೆಳಗೆ ಬಿಪಿ ನೋಡುವಂಥ ದೊಡ್ಡ ಪಟ್ಟಿ ಕಟ್ಟುತ್ತಾರೆ. ಹೃದಯದ ಬಡಿತಕ್ಕೆ ಸರಿಯಾಗಿ ಅದು ಗಾಳಿ ತುಂಬಿ ಹಿಂಡುತ್ತದೆ. ಇಇಸಿಪಿ ಎಂದು ಹೆಸರು. 35 ಸಿಟ್ಟಿಂಗ್, ಒಂದೊಂದು ಗಂಟೆ. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು. "ಬ್ಲಾಕ್ ಕರಗುತ್ತದೆ ಸರ್, ಗ್ಯಾರಂಟಿ." ಇದನ್ನು ನನ್ನ ಮುಖ ನೋಡಿ ಹೇಳಿದ್ದು. ಕೊಲೆಸ್ಟ್ರಾಲ್ ಮಾತ್ರೆಯಿಂದ ಲಿವರ್ ಹಾಳಾಗುತ್ತದೆ, ನಿಲ್ಲಿಸಿ ಎಂದೂ ಹೇಳಿದರು!

ಕೊನೆಗೆ ಒಂದು ಬಣ್ಣದ ಶೀಟ್ ಕೊಟ್ಟರು. ಬ್ಲಾಕ್ 80 ಪರ್ಸೆಂಟ್ ಇದ್ದದ್ದು 30ಕ್ಕೆ ಇಳಿದಿದೆಯಂತೆ. ಆಂಜಿಯೋಗ್ರಾಮ್ ಮಾಡದೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನಮ್ಮ ಸಾಫ್ಟ್‌ವೇರ್ ತೋರಿಸುತ್ತದೆ ಸರ್" ಎಂದರು.

ಸ್ವಲ್ಪ ದಿನದಲ್ಲೇ ಒಂದು ರಾತ್ರಿ ಅಪ್ಪನಿಗೆ ಮಲಗಿದಲ್ಲೇ ನೋವು ಬಂತು. ಬನಿಯನ್ ಹಿಂಡುವಷ್ಟು ಬೆವರು. ಆಸ್ಪತ್ರೆಯಲ್ಲಿ ಪುನಃ ಆಂಜಿಯೋಗ್ರಾಮ್ ಆಯಿತು. ಡಾಕ್ಟರು ಹಳೆ ಆಂಜಿಯೋಗ್ರಾಮ್ ಸಿಡಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಅದೇ ಜಾಗ, ಅದೇ ಸಪೂರ ಗೆರೆ. ಒಂದು ಚೂರೂ ಕರಗಿಲ್ಲ. ಆ ಸ್ಕ್ರೀನ್ ಮುಂದೆ ನಿಂತಾಗ ಆದ ಅವಮಾನ ಹೇಳಲಿಕ್ಕೆ ಆಗುವುದಿಲ್ಲ. ಆಪರೇಷನ್, ಸ್ಟೆಂಟ್ ಯಾವುದೂ ಆಗದವರಿಗೆ ಇಇಸಿಪಿಯಿಂದ ನೋವು ಕಡಿಮೆಯಾಗಬಹುದು, ಆದರೆ ಅದು ಬ್ಲಾಕ್ ಕರಗಿಸುವುದಿಲ್ಲ ಎಂದು ಡಾಕ್ಟರೇ ಬಿಡಿಸಿ ಹೇಳಿದರು. ಅಪ್ಪನಿಗೆ ಬೈಪಾಸ್ ಆಯಿತು. ಈಗ ನಡೆಯುತ್ತಾರೆ, ದೇವರ ದಯೆ.

ದುಡ್ಡು ವಾಪಸ್ ಕೇಳಲು ಹೋದರೆ ಸೆಂಟರ್‌ನವರ ಉತ್ತರ ನೋಡಿ. "ಎಂತ ಸರ್, ಕರಗುತ್ತದೆ ಎಂದು ನಾವು ಯಾವಾಗ ಹೇಳಿದ್ದು? ಸಹಾಯ ಆಗಬಹುದು ಎಂದದ್ದು." ಜಾಹೀರಾತು ತೋರಿಸಿದೆ. "ಅದು ಮಾರ್ಕೆಟಿಂಗ್‌ನವರು ಹಾಕಿದ್ದು." ಆಮೇಲೆ ಅಪ್ಪ ಸಹಿ ಹಾಕಿದ ಫಾರ್ಮ್ ತೆಗೆದರು. ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ, ಫಲಿತಾಂಶಕ್ಕೆ ಖಾತ್ರಿ ಇಲ್ಲ ಅಂತ. ಬಾಯಲ್ಲಿ ಗ್ಯಾರಂಟಿ, ಕಾಗದದಲ್ಲಿ ಇಲ್ಲ! ಅಷ್ಟಕ್ಕೂ ನಿಲ್ಲಲಿಲ್ಲ ಮಾರಾಯ್ರೆ. "ಇನ್ನೊಂದು ಕೋರ್ಸ್ ಮಾಡಿ, ಡಿಸ್ಕೌಂಟ್ ಕೊಡುತ್ತೇವೆ" ಅಂದರು. ಬೈಪಾಸ್ ಆದ ಮನುಷ್ಯನಿಗೆ! ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಜಾಹೀರಾತು ಇನ್ನೂ ಓಡುತ್ತಿದೆ.

ಆಪರೇಷನ್‌ಗೆ ಹೆದರಿಕೆ ಇದ್ದರೆ ಇನ್ನೊಬ್ಬ ಹೃದಯದ ಡಾಕ್ಟರಿಗೆ ಸಿಡಿ ತೋರಿಸಿ, ಇಂಥ ಸೆಂಟರ್‌ಗಳಿಗೆ ಅಲ್ಲ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ನೋವು ಬಂದರೆ ಕೂತುಕೊಂಡು ಡಾಕ್ಟರು ಬರೆದುಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆ ಕೆಳಗೆ ಇಡಿ. 5 ನಿಮಿಷದಲ್ಲಿ ಹೋಗದಿದ್ದರೆ 108. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು, ಅದನ್ನು ಮೊದಲು ವಿಚಾರಿಸಿ. ನಾನು ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಮೇಲಿನ ದೂರು ನೋಡುವ, ಡಿಸಿ ಅಧ್ಯಕ್ಷರಾಗಿರುವ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಹೀಗೆ ಆಗಿದ್ದರೆ ರಶೀದಿ, ಸಹಿ ಹಾಕಿದ ಫಾರ್ಮ್, ಆ ಬಣ್ಣದ ಶೀಟ್, ಜಾಹೀರಾತಿನ ಸ್ಕ್ರೀನ್‌ಶಾಟ್ ಯಾವುದನ್ನೂ ಬಿಸಾಡಬೇಡಿ. ನೀವೂ ದೂರು ಕೊಡಿ.