ಹಕ್ಕೊತ್ತಾಯವನ್ನು ನಿಯಮವಾಗಿಸುವ ದಾರಿ: ಒಂದು ಸಂಘಟನಾ ತರಬೇತಿಯ ವಿಮರ್ಶೆ

ಪರಿಸರ ಮತ್ತು ಸಾರ್ವಜನಿಕ ಹಿತದ ವಿಷಯಗಳಲ್ಲಿ ಕೆಲಸ ಮಾಡುವವರಿಗಾಗಿ ಸ್ವಯಂಸೇವಾ ಸಂಸ್ಥೆಯೊಂದು ನಡೆಸುವ ಸಂಘಟನಾ ತರಬೇತಿಯಲ್ಲಿ ಇತ್ತೀಚೆಗೆ ಭಾಗವಹಿಸಿದ್ದೆ. ಇಂಥ ಶಿಬಿರಗಳಲ್ಲಿ ಹುರಿದುಂಬಿಸುವ ಮಾತುಗಳಿಗೆ ಕೊರತೆಯಿರುವುದಿಲ್ಲ. ಆದರೆ ಮರಳಿ ಹೋದ ಮೇಲೆ ಯಾವ ಅಧಿಕಾರಿಯನ್ನು ಕಾಣಬೇಕು, ಏನನ್ನು ಕೇಳಬೇಕು, ಎಷ್ಟು ದಿನದೊಳಗೆ ಕೇಳಬೇಕು ಎಂಬುದು ಬಹುಪಾಲು ಜನರಿಗೆ ಅಸ್ಪಷ್ಟವಾಗಿಯೇ ಉಳಿಯುತ್ತದೆ. ಈ ತರಬೇತಿ ಆರಂಭವಾಗುವುದೇ ಆ ಪ್ರಶ್ನೆಗಳಿಂದ, ಮತ್ತು ಅದರ ದೊಡ್ಡ ಬಲವೂ ಅದೇ.

ಮೊದಲ ಅಭ್ಯಾಸದಲ್ಲಿ ಪ್ರತಿ ಗುಂಪೂ ತನ್ನ ಹಕ್ಕೊತ್ತಾಯವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ‘ನದಿಯನ್ನು ಉಳಿಸಿ’ ಎಂದು ಬರೆದ ಗುಂಪಿಗೆ ತರಬೇತುದಾರರು ಹಾಳೆಯನ್ನು ಹಿಂದಿರುಗಿಸಿ, ಉಳಿಸಬೇಕಾದವರು ಯಾರು, ಅವರು ಸಹಿ ಹಾಕಬೇಕಾದ ಆದೇಶ ಯಾವುದು, ಅದಕ್ಕೆ ಗಡುವು ಯಾವಾಗ ಎಂದು ಕೇಳಿದರು. ಆ ಗುಂಪಿನ ಹಾಳೆ ಮೂರು ಬಾರಿ ಹೋಗಿ ಬಂದ ಮೇಲೆ, ಕಾರ್ಖಾನೆಯ ತ್ಯಾಜ್ಯ ನೀರಿನ ತಪಾಸಣಾ ವರದಿಯನ್ನು ಪ್ರತಿ ತಿಂಗಳೂ ಬಹಿರಂಗಪಡಿಸುವಂತೆ ಮಾಲಿನ್ಯ ನಿಯಂತ್ರಣ ಪ್ರಾಧಿಕಾರ ಆದೇಶ ಹೊರಡಿಸಬೇಕು ಎಂಬಲ್ಲಿಗೆ ಬಂದು ನಿಂತಿತು. ಇದು ಸಣ್ಣ ಬೇಡಿಕೆಯಂತೆ ಕಾಣಬಹುದು. ಆದರೆ ಇದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರಿಸಲೇಬೇಕಾದ ಒಬ್ಬ ವ್ಯಕ್ತಿ ಇದ್ದಾರೆ, ಮತ್ತು ಅವರು ‘ಇಲ್ಲ’ ಎಂದರೆ ಮುಂದೆ ಯಾರ ಬಳಿ ಹೋಗಬೇಕೆಂಬುದು ಜನರಿಗೆ ತಿಳಿದಿರುತ್ತದೆ.

ಇಡೀ ತರಬೇತಿಯಲ್ಲಿ ಅತ್ಯುತ್ತಮವಾದದ್ದು ಲವ್ ಕೆನಾಲ್ ಕುರಿತ ಅವಧಿ. ಅಮೆರಿಕದ ನಯಾಗರ ಫಾಲ್ಸ್ ನಗರದ ಈ ಬಡಾವಣೆ ಸುಮಾರು 21 ಸಾವಿರ ಟನ್ ರಾಸಾಯನಿಕ ತ್ಯಾಜ್ಯವನ್ನು ಹೂತಿದ್ದ ಹಳೆಯ ಕಾಲುವೆಯ ಸುತ್ತ ಬೆಳೆದಿತ್ತು. 1978ರಲ್ಲಿ, ಮಗನ ಅನಾರೋಗ್ಯದಿಂದ ಕಂಗೆಟ್ಟಿದ್ದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಅವನು ಓದುತ್ತಿದ್ದ ಅಲ್ಲಿನ ಶಾಲೆಯನ್ನು ಮುಚ್ಚಿಸಲು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸತೊಡಗಿದರು. ಸರ್ಕಾರ ಆ ವರ್ಷವೇ ಶಾಲೆಯನ್ನು ಮುಚ್ಚಿಸಿ, ಕಾಲುವೆಗೆ ಹತ್ತಿರದ ಕುಟುಂಬಗಳನ್ನು ಸ್ಥಳಾಂತರಿಸಿತಾದರೂ ಆಚೆಗಿನ ಬೀದಿಗಳಿಗೆ ಅಪಾಯವಿಲ್ಲವೆಂದಿತು. ಆಗ ನಿವಾಸಿಗಳೇ ಆರೋಗ್ಯ ಸಮೀಕ್ಷೆ ನಡೆಸಿದರು. ತರಬೇತುದಾರರು ಈ ಘಟ್ಟವನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸದೆ, ಗೋಡೆಗೆ ನಕ್ಷೆಯೊಂದನ್ನು ತೂಗುಹಾಕಿ ಅನಾರೋಗ್ಯದ ಮನೆಗಳ ಮೇಲೆ ನಮ್ಮಿಂದಲೇ ಕೆಂಪು ಚುಕ್ಕೆ ಅಂಟಿಸಿದರು. ಚುಕ್ಕೆಗಳು ದಿಕ್ಕುದೆಸೆಯಿಲ್ಲದೆ ಚದುರಿದಂತಿದ್ದವು. ಅದರ ಮೇಲೆ ಹಳೆಯ ತೊರೆಗಳ ಜಾಡನ್ನು ಗುರುತಿಸಿದ್ದ ಪಾರದರ್ಶಕ ಹಾಳೆಯನ್ನು ಹೊದಿಸಿದಾಗ, ಬಹುತೇಕ ಚುಕ್ಕೆಗಳು ಆ ಜಾಡಿನ ಉದ್ದಕ್ಕೂ ಸಾಲುಗಟ್ಟಿದ್ದು ಕಂಡು ಕೊಠಡಿಯಲ್ಲಿದ್ದವರೆಲ್ಲ ಎದ್ದು ಹತ್ತಿರ ಬಂದರು. ಅಲ್ಲಿನ ನಿವಾಸಿಗಳು ಕಂಡುಕೊಂಡದ್ದೂ ಇದನ್ನೇ; ತ್ಯಾಜ್ಯ ಆ ಜಾಡು ಹಿಡಿದು ಆಚೆಗಿನ ಬೀದಿಗಳಿಗೂ ಹರಡುತ್ತಿದೆ ಎಂದು ಅವರು ವಾದಿಸಿದರು. 1980ರಲ್ಲಿ ಉಳಿದ ಕುಟುಂಬಗಳ ಸ್ಥಳಾಂತರಕ್ಕೂ ಒಪ್ಪಿಗೆ ದೊರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮಾಲಿನ್ಯ ಮಾಡಿದವರಿಂದಲೇ ಶುದ್ಧೀಕರಣದ ವೆಚ್ಚವನ್ನು ವಸೂಲಿ ಮಾಡಲು ಅವಕಾಶ ಕೊಡುವ ‘ಸೂಪರ್‌ಫಂಡ್’ ಕಾಯ್ದೆ ಜಾರಿಗೆ ಬಂತು. ಜನರ ಅನುಭವ ಸಾಕ್ಷ್ಯವಾಗಿ ಮಾರ್ಪಡುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ಕಲಿಸಿದ ಬೇರೊಂದು ಪಾಠವನ್ನು ನಾನು ಕಂಡಿಲ್ಲ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕುರಿತ ಅವಧಿಯೂ ಗಟ್ಟಿಯಾಗಿತ್ತು. ಕನಿಷ್ಠ ಕೂಲಿಗಾಗಿ ಆರಂಭವಾದ ಹೋರಾಟ, ಕೂಲಿ ಪಾವತಿಯ ದಾಖಲೆಗಳನ್ನು ತೋರಿಸಿ ಎಂಬ ಬೇಡಿಕೆಗೆ ತಿರುಗಿದ್ದು ಹೇಗೆ, 1994ರಿಂದ ನಡೆದ ಜನ ಸುನ್ವಾಯಿಗಳಲ್ಲಿ (ಸಾರ್ವಜನಿಕ ವಿಚಾರಣಾ ಸಭೆಗಳಲ್ಲಿ) ಹಾಜರಿ ಪಟ್ಟಿಗಳನ್ನು ಊರಿನವರ ಎದುರೇ ಗಟ್ಟಿಯಾಗಿ ಓದಿದಾಗ ಏನಾಯಿತು, 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ನಡೆದ ಧರಣಿ ಏಕೆ ಮುಖ್ಯ ಎಂಬುದನ್ನು ಒಂದರಿಂದೊಂದಕ್ಕೆ ಕೊಂಡಿ ಕಳಚದಂತೆ ವಿವರಿಸಿದರು. 2000ದಲ್ಲಿ ರಾಜ್ಯದ ಕಾಯ್ದೆ, 2005ರಲ್ಲಿ ಇಡೀ ದೇಶದ ಮಾಹಿತಿ ಹಕ್ಕು ಕಾಯ್ದೆ ಬಂದದ್ದರ ಹಿಂದೆ ಈ ತಾಳ್ಮೆಯಿದೆ. ಒಡಿಶಾದ ನಿಯಮಗಿರಿ ಬೆಟ್ಟಗಳ ಪ್ರಸಂಗಕ್ಕೆ ಮಾತ್ರ ಸಿಕ್ಕ ಸಮಯ ತೀರ ಕಡಿಮೆ. 2013ರಲ್ಲಿ 12 ಗ್ರಾಮಸಭೆಗಳೂ ಗಣಿಗಾರಿಕೆಯನ್ನು ತಿರಸ್ಕರಿಸಿದವು ಎಂದಷ್ಟೇ ಹೇಳಿದರು. ಅರಣ್ಯ ಹಕ್ಕು ಕಾಯ್ದೆಯ ಆಧಾರದಲ್ಲಿ ಸುಪ್ರೀಂ ಕೋರ್ಟ್ ಆ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಲು ನಿರ್ದೇಶಿಸಿತ್ತು ಎಂಬುದನ್ನು ಬಿಡಿಸಿ ಹೇಳದಿದ್ದರೆ, ಕೇಳುವವರಿಗೆ ಬರೀ ಒಗ್ಗಟ್ಟಿನಿಂದ ಗೆದ್ದರು ಎಂಬ ಭಾವನೆ ಉಳಿಯುತ್ತದೆ.

ಕೊರತೆಗಳಲ್ಲಿ ನನಗೆ ಗಂಭೀರವೆನಿಸಿದ್ದು, ಗೆಲುವಿನ ನಂತರದ ಕೆಲಸವನ್ನು ಕೊನೆಯ ಗಳಿಗೆಯಲ್ಲಿ ಆತುರಾತುರವಾಗಿ ಮುಗಿಸಿದ್ದು. ಆದೇಶ ಹೊರಟರೂ ನಿಯಮಾವಳಿ ರೂಪುಗೊಳ್ಳದಿರಬಹುದು, ಅನುದಾನ ಬಾರದಿರಬಹುದು, ತಪಾಸಣೆಗೆ ಸಿಬ್ಬಂದಿಯೇ ಇಲ್ಲದಿರಬಹುದು. ಸೂಪರ್‌ಫಂಡ್‌ಗೆ ಹಣ ಒದಗಿಸುತ್ತಿದ್ದ ಉದ್ಯಮ ತೆರಿಗೆಗಳ ಅವಧಿ 1995ರಲ್ಲಿ ಮುಗಿದು, ಹಲವು ವರ್ಷ ಅವು ನವೀಕರಣವಾಗಲಿಲ್ಲ. ಇದನ್ನು ಹೇಳಲು ಅದೇ ಉದಾಹರಣೆ ಕೈಯಲ್ಲಿತ್ತು, ಬಳಸಿಕೊಳ್ಳಲಿಲ್ಲ. ಕರಡು ಅಧಿಸೂಚನೆಗೆ ಆಕ್ಷೇಪಣೆ ಬರೆಯುವ ಅಭ್ಯಾಸವನ್ನೂ ಮನೆಪಾಠವಾಗಿ ಕೊಟ್ಟುಬಿಟ್ಟರು. ಸಾವಿರ ಜನ ಒಂದೇ ನಮೂನೆಯ ಪತ್ರಕ್ಕೆ ಸಹಿ ಹಾಕುವುದಕ್ಕೂ, ಹತ್ತು ಜನ ತಮ್ಮ ಹೊಲ, ಬಾವಿ, ಉಸಿರಾಟದ ಬಗ್ಗೆ ಕರಡಿನ ನಿರ್ದಿಷ್ಟ ಕಲಮನ್ನು ಉಲ್ಲೇಖಿಸಿ ಬರೆಯುವುದಕ್ಕೂ ಇರುವ ವ್ಯತ್ಯಾಸ ಶಿಬಿರದಲ್ಲೇ, ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುತ್ತ ಅರಿವಾಗಬೇಕಾದ ಸಂಗತಿ.

ಊರಿನ ಅಥವಾ ಬಡಾವಣೆಯ ಒಂದು ನಿರ್ದಿಷ್ಟ ಸಮಸ್ಯೆಯನ್ನು ಹಿಡಿದು ಈಗಾಗಲೇ ಓಡಾಡುತ್ತಿರುವವರಿಗೆ ಈ ತರಬೇತಿಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಒಬ್ಬರೇ ಹೋಗುವುದಕ್ಕಿಂತ ಜೊತೆಗೆ ಕೆಲಸ ಮಾಡುವ ಒಂದಿಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಯಾರು ಯಾರನ್ನು ಒಪ್ಪಿಸಬಲ್ಲರು ಎಂಬ ಪಟ್ಟಿಯನ್ನು ಅಲ್ಲಿಯೇ ಕುಳಿತು ಮಾಡಬೇಕಾಗುತ್ತದೆ. ಈವರೆಗೆ ಕೊಟ್ಟ ಮನವಿಗಳ ಪ್ರತಿ, ಬಂದ ಹಿಂಬರಹ, ಸಂಬಂಧಪಟ್ಟ ಅಧಿಸೂಚನೆ ಇವಿಷ್ಟನ್ನೂ ಕೈಯಲ್ಲಿ ಹಿಡಿದು ಹೋದವರಿಗೆ ಎರಡನೆಯ ದಿನದ ಅವಧಿಗಳು ಹೆಚ್ಚು ಪ್ರಯೋಜನಕ್ಕೆ ಬರುತ್ತವೆ.