ಗುರುಗಳಿಗೆ ಒಯ್ದ ಅಮೀನಗಡದ ಕರದಂಟು

ಪಿಎಚ್‌.ಡಿ. ಅರ್ಜಿಗೆ ಶಿಫಾರಸು ಪತ್ರ ಬರೆದುಕೊಟ್ಟ ಪ್ರಾಧ್ಯಾಪಕರಿಗೆ ಕೃತಜ್ಞತೆ ಹೇಳಲು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೊರಟಿದ್ದ ನಾನು, ಹುನಗುಂದದ ಕಡೆಯಿಂದ ಬರುವಾಗ ಅಮೀನಗಡದಲ್ಲಿ ಇಳಿದು ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡೆ. ಇಂಥ ಸಂದರ್ಭಕ್ಕೆ ಈ ತಿನಿಸು ಎಷ್ಟು ಒಪ್ಪುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕರದಂಟಿನ ಜೀವವಿರುವುದು ಅಂಟಿನಲ್ಲಿ, ಅಂದರೆ ತಿನ್ನುವ ಗೋಂದಿನಲ್ಲಿ. ಅದು ತುಪ್ಪದಲ್ಲಿ ಚೆನ್ನಾಗಿ ಅರಳಿದರೆ ಬಾಯಲ್ಲಿ ಕುರುಕುರು ಎನ್ನುತ್ತದೆ, ಅರಳದೆ ಉಳಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಈ ಅಂಗಡಿಯದು ಮೊದಲನೆಯ ಬಗೆಯದು. ಬೆಲ್ಲದ ಪಾಕ ಗಟ್ಟಿಯಾಗದೆ ಗೋಡಂಬಿ, ಬಾದಾಮಿ, ಉತ್ತತ್ತಿಗಳನ್ನು ಹಿಡಿದಿಟ್ಟುಕೊಂಡಿತ್ತು. ಬೇಗ ಕೆಡುವ ಒಣಕೊಬ್ಬರಿಯಲ್ಲಿಯೂ ಕಮಟು ವಾಸನೆ ಇರಲಿಲ್ಲ. ದುಬಾರಿಯಾದ ‘ಸ್ಪೆಷಲ್’ ಬಗೆಯಲ್ಲಿ ಒಣಹಣ್ಣುಗಳೇ ತುಂಬಿ ಅಂಟು ಹೆಸರಿಗಷ್ಟೇ ಉಳಿದಿರುವುದರಿಂದ, ನನ್ನ ಮಟ್ಟಿಗೆ ಸಾದಾ ಕರದಂಟೇ ಮೇಲು.

ಬೆಳಗಾವಿಯ ಕುಂದಾ ರುಚಿಯಲ್ಲಿ ಇದಕ್ಕೇನೂ ಕಡಿಮೆಯಿಲ್ಲವಾದರೂ ಅದು ಹಾಲಿನ ಪದಾರ್ಥ, ಬೇಗ ತಿಂದು ಮುಗಿಸಬೇಕು. ಕ್ಷೇತ್ರ ಭೇಟಿ, ಪರೀಕ್ಷೆ ಎಂದು ತಿರುಗಾಡುವ ಅಧ್ಯಾಪಕರ ಕಪಾಟಿನಲ್ಲಿ ಕರದಂಟು ಕೆಲವು ವಾರ ಕೆಡದೆ ಇರುತ್ತದೆ, ವಿಭಾಗದವರೆಲ್ಲ ಹಂಚಿಕೊಳ್ಳಲೂ ಬರುತ್ತದೆ. ಶಾಲು, ಕೈಗಡಿಯಾರಗಳನ್ನು ಮುಟ್ಟದ ನಮ್ಮ ಸರ್ ಇದನ್ನು ಮಾತ್ರ ಬೇಡವೆನ್ನಲಿಲ್ಲ. ಆದರೆ ಪತ್ರ ಸಲ್ಲಿಕೆಯಾದ ಮೇಲೆಯೇ ಒಯ್ಯಬೇಕು. ಮೊದಲೇ ಒಯ್ದರೆ ಅದರ ಅರ್ಥವೇ ಬೇರೆಯಾಗುತ್ತದೆ. ಅರ್ಜಿ ಹಾಕಿದ ಸಂಸ್ಥೆ ಕಳುಹಿಸುವ ಲಿಂಕ್‌ನಲ್ಲಿ ಅವರೇ ನೇರವಾಗಿ ಪತ್ರ ಸೇರಿಸುವುದರಿಂದ ಅವರು ಏನು ಬರೆದರೆಂದು ನಮಗೆ ತಿಳಿಯುವುದಿಲ್ಲ. ನನ್ನ ಪ್ರಬಂಧದ ಸಾರಾಂಶವನ್ನು ಮತ್ತೊಮ್ಮೆ ತರಿಸಿಕೊಂಡು ಓದಿ ಬರೆದ ಅವರ ಶ್ರಮಕ್ಕೆ ಸಿಹಿಯೊಂದೇ ಸಾಲದೆಂದು, ಕೈಬರಹದ ಒಂದು ಪುಟದ ಪತ್ರವನ್ನೂ ಜೊತೆಗಿಟ್ಟಿದ್ದೆ. ಸರ್ ಮೊದಲು ತೆರೆದದ್ದು ಅದನ್ನೇ.

ಕೊರತೆಯೆಂದರೆ ಕಟ್ಟುವ ರೀತಿ. ತೆಳು ರಟ್ಟಿನ ಡಬ್ಬಿಯಾದ್ದರಿಂದ ಬಾಗಲಕೋಟೆ ಮುಟ್ಟುವಷ್ಟರಲ್ಲಿ ತುಪ್ಪದ ಜಿಡ್ಡು ಮೂಲೆಗಳಲ್ಲಿ ಇಳಿದಿತ್ತು. ಬೆಲೆಯ ಚೀಟಿಯನ್ನೂ ಮುಚ್ಚಳದ ನಟ್ಟನಡುವೆಯೇ ಅಂಟಿಸಿದ್ದರು. ಬೆಲ್ಲದ್ದಾದ್ದರಿಂದ ಸಕ್ಕರೆ ಕಾಯಿಲೆಯವರಿಗೂ ನಡೆಯುತ್ತದೆ ಎಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ, ನಿಮ್ಮ ಗುರುಗಳಿಗೆ ಆ ತೊಂದರೆಯಿದ್ದರೆ ಹಣ್ಣು ಒಯ್ಯಿರಿ. ಉಳಿದವರು ತಯಾರಿಸಿದ ದಿನಾಂಕ ನೋಡಿ, ಒಳಗೆ ಬೆಣ್ಣೆ ಕಾಗದ ಹಾಸಿಸಿ, ಚೀಟಿಯನ್ನು ತಳಕ್ಕೆ ಅಂಟಿಸಲು ಹೇಳಿ ಕೊಳ್ಳಬಹುದು.